ಆಂಟಿಬಯಾಟಿಕ್ ಇಲ್ಲದ ಹಂದಿ ಫೀಡ್: ಯಾವ ಸೇರ್ಪಡೆಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಹಂದಿ ಫೀಡಿನಿಂದ ಆಂಟಿಬಯಾಟಿಕ್ ತೆಗೆದರೆ ಅದರ ಜಾಗಕ್ಕೆ ಏನು ಹಾಕಬೇಕು? ಮಾರುವವರ ಬಳಿ ಇದಕ್ಕೆ ಹತ್ತಾರು ಉತ್ತರಗಳಿವೆ: ಆಸಿಡ್, ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ), ಈಸ್ಟ್, ಗಿಡಮೂಲಿಕೆ ಎಣ್ಣೆ, ಜಿಂಕ್, ಎಂಜೈಮ್, ಜೇಡಿಮಣ್ಣು. ಎಲ್ಲದರ ಚೀಲದ ಮೇಲೂ ಒಂದೇ ಮಾತು, ‘ಭೇದಿ ಕಡಿಮೆ, ತೂಕ ಹೆಚ್ಚು’. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಒಂದಕ್ಕೆ ಮಾತ್ರ ದುಡ್ಡು ಸಾಲುವುದಾದರೆ ಆಸಿಡ್ ತೆಗೆದುಕೊಳ್ಳಿ. ಅದಕ್ಕೂ ಮುಂಚೆ ಫೀಡಿನಲ್ಲಿರುವ ಸುಣ್ಣಕಲ್ಲಿನ ಪುಡಿ ಮತ್ತು ಸೋಯಾ ಹಿಂಡಿ ಇಳಿಸಿ. ಉಳಿದ ಯಾವುದನ್ನೇ ಆಗಲಿ, ನಿಮ್ಮ ಮರಿಗಳಿಗೆ ಯಾವ ಕಾರಣಕ್ಕೆ ಭೇದಿ ಆಗುತ್ತಿದೆ ಎಂದು ಗೊತ್ತಾದ ಮೇಲಷ್ಟೇ ಕೊಳ್ಳಿ.

ಬೆಳವಣಿಗೆಗೆಂದು ಫೀಡಿನಲ್ಲಿ ಆಂಟಿಬಯಾಟಿಕ್ ಹಾಕುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2006ರ ಜನವರಿ 1ರಿಂದ ಪೂರ್ತಿ ನಿಷೇಧ ಬಂತು, ಚೀನಾ 2020ರಲ್ಲಿ ಅದೇ ದಾರಿ ಹಿಡಿಯಿತು. ಡೆನ್ಮಾರ್ಕಿನ ಅನುಭವ ಎಲ್ಲರೂ ನೆನಪಿಡಬೇಕಾದದ್ದು. ಅಲ್ಲಿ 1990ರ ದಶಕದ ಕೊನೆಗೆ ಫೀಡಿನಿಂದ ಔಷಧ ಹೋಯಿತು. ದೊಡ್ಡ ಹಂದಿಗಳಲ್ಲಿ ಹೆಚ್ಚೇನೂ ತೊಂದರೆ ಆಗಲಿಲ್ಲ, ಆದರೆ ಹಾಲು ಬಿಡಿಸಿದ ಮರಿಗಳಲ್ಲಿ ಭೇದಿ ಹೆಚ್ಚಿ ಚಿಕಿತ್ಸೆಗೆ ಕೊಡುವ ಔಷಧದ ಬಳಕೆ ಏರಿತು. ಕಷ್ಟ ಇರುವುದು ಆ ಎರಡು ಮೂರು ವಾರಗಳಲ್ಲೇ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಆ ವಾರಗಳ ಬಗ್ಗೆ.

21ರಿಂದ 28ನೇ ದಿನದ ಒಳಗೆ ತಾಯಿಯಿಂದ ಬೇರೆ ಮಾಡಿದ ಮರಿಯ ಹೊಟ್ಟೆ ಸಾಕಷ್ಟು ಆಮ್ಲ ಸುರಿಸುವುದಿಲ್ಲ. ಹಾಲು ಕುಡಿಯುವಾಗ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಹುಳಿಯಾಗಿ ಬರುವ ಲ್ಯಾಕ್ಟಿಕ್ ಆಮ್ಲವೇ ಆ ಕೊರತೆ ತುಂಬುತ್ತಿತ್ತು. ಹಾಲು ನಿಂತ ದಿನ ಅದೂ ನಿಲ್ಲುತ್ತದೆ. ಪ್ರೋಟೀನ್ ಒಡೆಯುವ ಪೆಪ್ಸಿನ್‌ಗೆ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 2ರಿಂದ 3.5ರ ಆಸುಪಾಸು ಬೇಕು, ಮರಿಯ ಜಠರದಲ್ಲಿ ಅದು 4, 5ರವರೆಗೂ ಏರಿ ಕೂತಿರುತ್ತದೆ. ಅರೆ ಜೀರ್ಣವಾದ ಪ್ರೋಟೀನ್ ದೊಡ್ಡ ಕರುಳಿಗೆ ಇಳಿದು ಕೊಳೆತು ಅಮೋನಿಯಾ ಆಗುತ್ತದೆ. ಜಠರದ ಆಮ್ಲ ತಡೆಯಬೇಕಿದ್ದ ಇ. ಕೋಲಿ ಎಂಬ ಭೇದಿ ತರುವ ಬ್ಯಾಕ್ಟೀರಿಯಾ ತಡೆಯಿಲ್ಲದೆ ಸಣ್ಣ ಕರುಳು ಸೇರುತ್ತದೆ. ಒಂದು ಸೇರ್ಪಡೆ ಒಳ್ಳೆಯದೋ ಅಲ್ಲವೋ ಎಂದರೆ, ಈ ಸರಪಳಿಯ ಯಾವ ಕೊಂಡಿಯನ್ನು ಅದು ಮುರಿಯುತ್ತದೆ ಎಂದು ಕೇಳಿ. ಮಾರುವವರಿಗೆ ಅದನ್ನು ಹೇಳಲು ಬರದಿದ್ದರೆ ಆ ಚೀಲ ಬೇಡ.

ಆಸಿಡ್‌ಗಳು ಎರಡು ಕೆಲಸ ಮಾಡುತ್ತವೆ. ಜಠರದ ಪಿಎಚ್ ಇಳಿಸುವುದು ಒಂದು. ಇನ್ನೊಂದು, ಒಡೆಯದ ರೂಪದಲ್ಲಿರುವ ಆಸಿಡ್ ಬ್ಯಾಕ್ಟೀರಿಯಾದ ಪೊರೆ ದಾಟಿ ಒಳಗೆ ಹೋಗಿ ಅಲ್ಲಿ ಒಡೆದು ಅದರ ಒಳಗಿನ ಪಿಎಚ್ ಕೆಡಿಸುವುದು. ಇ. ಕೋಲಿ, ಸಾಲ್ಮೊನೆಲ್ಲಾಗಳಿಗೆ ಇದು ಕಷ್ಟ, ಹುಳಿಗೆ ಒಗ್ಗಿರುವ ಲ್ಯಾಕ್ಟೋಬ್ಯಾಸಿಲಸ್ ತಾಳಿಕೊಳ್ಳುತ್ತದೆ. ಸಿಟ್ರಿಕ್ ಮತ್ತು ಫ್ಯೂಮರಿಕ್ ಆಸಿಡ್ ಮೊದಲ ಕೆಲಸಕ್ಕೆ ಸೈ, ಎರಡನೆಯದಕ್ಕೆ ದುರ್ಬಲ. ಪ್ರಮಾಣವೂ ಹೆಚ್ಚು ಬೇಕು, ಟನ್ನಿಗೆ 10ರಿಂದ 20 ಕೆ.ಜಿ. ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಫಾರ್ಮಿಕ್ ಆಸಿಡ್ ಮುಂದು. ಆದರೆ ದ್ರವ ಫಾರ್ಮಿಕ್ ಕೈ ಸುಡುತ್ತದೆ, ಹಬೆ ಕಣ್ಣಿಗೆ ಹೊಡೆಯುತ್ತದೆ, ಗ್ಯಾಲ್ವನೈಸ್ಡ್ ತಗಡು ಮತ್ತು ಕಾಂಕ್ರೀಟನ್ನು ತಿನ್ನುತ್ತದೆ. ಹೆಚ್ಚಾದರೆ ಮರಿಗಳು ಫೀಡಿನಿಂದ ಮೂತಿ ತಿರುಗಿಸುತ್ತವೆ. ಸ್ವಂತ ಮಿಕ್ಸರ್ ಇಟ್ಟುಕೊಂಡವರು ಅದರ ಲವಣಗಳನ್ನೇ ಹಿಡಿಯುವುದು ಮೇಲು. ಪೊಟ್ಯಾಸಿಯಂ ಡೈಫಾರ್ಮೇಟ್ ಈ ಲವಣಗಳಲ್ಲಿ ಅತ್ಯುತ್ತಮ. ಆಂಟಿಬಯಾಟಿಕ್ ಅಲ್ಲದ ಬೆಳವಣಿಗೆ ಪ್ರಚೋದಕವಾಗಿ ಯುರೋಪಿನಲ್ಲಿ 2001ರಲ್ಲಿ ಮೊದಲು ಒಪ್ಪಿಗೆ ಪಡೆದದ್ದು ಇದೇ. ಮರಿಗಳಿಗೆ ಟನ್ನಿಗೆ 6ರಿಂದ 18 ಕೆ.ಜಿ.ವರೆಗೆ ಅಲ್ಲಿ ಅನುಮತಿ ಇತ್ತು. ಹೆಚ್ಚಿನ ಫಾರಂಗಳಿಗೆ ಕೆಳಗಿನ ತುದಿಯೇ ಸಾಕು.

ಬೆಂಜೋಯಿಕ್ ಆಸಿಡ್‌ನ ಲೆಕ್ಕ ಸರಳ: ಹಾಲು ಬಿಟ್ಟ ಮರಿಗಳಿಗೆ ಟನ್ನಿಗೆ 5 ಕೆ.ಜಿ., ಅದಕ್ಕಿಂತ ಹೆಚ್ಚು ಬೇಡ. ಪುಡಿ ಒಣಗಿರುತ್ತದೆ, ವಾಸನೆ ಕಡಿಮೆ, ಮಿಕ್ಸರ್ ಹಾಳಾಗುವುದಿಲ್ಲ. ಲಿವರ್‌ನಲ್ಲಿ ಗ್ಲೈಸಿನ್ ಜೊತೆ ಸೇರಿ ಹಿಪ್ಯೂರಿಕ್ ಆಸಿಡ್ ಆಗಿ ಮೂತ್ರದಲ್ಲಿ ಹೋಗುವುದರಿಂದ ಮೂತ್ರದ ಪಿಎಚ್ ಇಳಿಯುತ್ತದೆ, ಕೊಟ್ಟಿಗೆಯ ಅಮೋನಿಯಾ ವಾಸನೆಯೂ ತಗ್ಗುತ್ತದೆ. ಎಳೆ ಮರಿಯ ಲಿವರ್‌ಗೆ ಒಂದು ಮಿತಿ ಇದೆ. ಆದ್ದರಿಂದ ಪುಡಿ ಒಂದೇ ಕಡೆ ಗುಡ್ಡೆಯಾಗದಂತೆ ಕಲೆಸುವುದು ಮುಖ್ಯ. ಒಂದೇ ಉತ್ಪನ್ನ ಆರಿಸಿ ಎಂದರೆ ನಾವು ಇದನ್ನೇ ಹೇಳುತ್ತೇವೆ.

ಇಷ್ಟು ದುಡ್ಡು ಕೊಟ್ಟು ತಂದ ಆಸಿಡ್ ಎಲ್ಲಿ ಪೋಲಾಗುತ್ತದೆ? ಸುಣ್ಣಕಲ್ಲಿನ ಪುಡಿಯಲ್ಲಿ. ಹುಳಿಯನ್ನು ನುಂಗಿ ಹಾಕುವುದರಲ್ಲಿ ಫೀಡಿನ ಪದಾರ್ಥಗಳ ಪೈಕಿ ಅದೂ ಜಿಂಕ್ ಆಕ್ಸೈಡೂ ಎಲ್ಲಕ್ಕಿಂತ ಮುಂದು, ಸೋಯಾ ಹಿಂಡಿ ಮತ್ತು ಹಾಲಿನ ಪುಡಿ ಅವುಗಳ ಹಿಂದೆ, ಧಾನ್ಯಗಳು ತೀರ ಕಡಿಮೆ. ಮೊದಲ ಎರಡು ವಾರದ ಫೀಡಿನಲ್ಲಿ ಕ್ಯಾಲ್ಸಿಯಂ 0.5ರಿಂದ 0.6 ಶೇಕಡಾಕ್ಕೆ ಇಳಿಸಿದರೆ ಮೂಳೆಗೆ ಏನೂ ಆಗುವುದಿಲ್ಲ, ಫೈಟೇಸ್ (ಧಾನ್ಯದ ಫೈಟೇಟಿನಲ್ಲಿ ಕಟ್ಟಿಕೊಂಡ ಫಾಸ್ಫರಸ್ ಬಿಡಿಸುವ ಎಂಜೈಮ್) ಹಾಕಿರಬೇಕಷ್ಟೆ. ಸುಣ್ಣಕಲ್ಲಿನ ಬದಲು ಕ್ಯಾಲ್ಸಿಯಂ ಫಾರ್ಮೇಟ್ ಹಾಕಬಹುದು. ಅದರಲ್ಲಿ ಸುಮಾರು 30 ಶೇಕಡಾ ಕ್ಯಾಲ್ಸಿಯಂ ಇರುವುದರಿಂದ ಟನ್ನಿಗೆ 12 ಕೆ.ಜಿ. ಹಾಕಿದರೆ 0.36 ಶೇಕಡಾ ಕ್ಯಾಲ್ಸಿಯಂ ಅಲ್ಲೇ ಬಂತು. ಪ್ರೋಟೀನನ್ನು 21, 22 ಶೇಕಡಾದಿಂದ 18ಕ್ಕೆ ತನ್ನಿ, ಕೊರತೆಯನ್ನು ಲೈಸಿನ್, ಮಿಥಿಯೋನಿನ್, ಥ್ರಿಯೋನಿನ್, ಟ್ರಿಪ್ಟೋಫ್ಯಾನ್, ವ್ಯಾಲಿನ್ ಎಂಬ ಅಮೈನೋ ಆಮ್ಲಗಳನ್ನು ಸೇರಿಸಿ ಸರಿದೂಗಿಸಿ. ಬರೀ ಲೈಸಿನ್ ಹಾಕಿ ಬಿಟ್ಟರೆ ಭೇದಿ ನಿಲ್ಲಬಹುದು, ಬೆಳವಣಿಗೆಯೂ ಅದರ ಜೊತೆ ನಿಲ್ಲುತ್ತದೆ. ಜಿಂಕ್ ಆಕ್ಸೈಡ್ ಬಿಟ್ಟರೆ ಮಾರುಕಟ್ಟೆಯ ಯಾವ ಸೇರ್ಪಡೆಗೂ ಈ ಎರಡು ಬದಲಾವಣೆಗಳಷ್ಟು ಬಲ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎರಡು ಫೀಡುಗಳನ್ನು ಹೋಲಿಸಲು ಒಂದು ಪರೀಕ್ಷೆ ಇದೆ. ಪ್ರತಿಯೊಂದರಿಂದ 10 ಗ್ರಾಂ ನುಣ್ಣಗೆ ಅರೆದು 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಹಾಕಿ. 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡನ್ನು ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ಬಿಟ್ಟು ಕಲಕುತ್ತಾ ಪಿಎಚ್ ಮೀಟರ್ 4 ತೋರಿಸುವವರೆಗೆ ಎಷ್ಟು ಹಿಡಿಯಿತು ನೋಡಿ. ಮೀಟರ್ 4 ಮುಟ್ಟಿದ ಕೂಡಲೇ ನಿಲ್ಲಿಸಬೇಡಿ. ಸುಣ್ಣಕಲ್ಲು ನಿಧಾನವಾಗಿ ಕರಗುವುದರಿಂದ ಓದು ಮತ್ತೆ ಮೇಲೇರುತ್ತದೆ. ಮೂರು ನಿಮಿಷ ಅದು ಅಲ್ಲೇ ನಿಲ್ಲಬೇಕು. ಹೆಚ್ಚು ಆಸಿಡ್ ಕುಡಿದ ಫೀಡು ಮರಿಯ ಹೊಟ್ಟೆಯಲ್ಲೂ ಅದನ್ನೇ ಮಾಡುತ್ತದೆ.

ಕಾಯಿಲೆ ಬಂದ ಮರಿ ತಿನ್ನುವುದು ಬಿಟ್ಟರೂ ನೀರು ಕುಡಿಯುತ್ತದೆ. ಕುಡಿಯುವ ನೀರಿಗೆ ಆಸಿಡ್ ಹಾಕುವ ಪದ್ಧತಿ ಉಪಯೋಗಕ್ಕೆ ಬರುವುದು ಅದಕ್ಕೇ. ಗುರಿ ಪಿಎಚ್ 3.8ರಿಂದ 4.2. ಲೀಟರಿಗೆ ಇಷ್ಟು ಎಂದು ಲೇಬಲ್ ಹೇಳುವುದನ್ನು ಕಣ್ಣುಮುಚ್ಚಿ ನಂಬಬೇಡಿ, ಗಡಸು ನೀರು ಬಹಳ ಹೆಚ್ಚು ಆಸಿಡ್ ಬೇಡುತ್ತದೆ. ನಿಮ್ಮದೇ ನೀರು 10 ಲೀಟರ್ ಬಕೆಟ್ಟಿಗೆ ತುಂಬಿ, 1 ಮಿ.ಲೀ. ಹಾಕಿ, ಕಲಕಿ, ಪಿಎಚ್ ಕಾಗದ ಅದ್ದಿ, ಮತ್ತೆ 1 ಮಿ.ಲೀ. ಹೀಗೆ 4ಕ್ಕೆ ಬರಲು 10 ಮಿ.ಲೀ. ಹಿಡಿಯಿತು ಎಂದರೆ 1000 ಲೀಟರ್ ಟ್ಯಾಂಕಿಗೆ 1 ಲೀಟರ್. 1 ಶೇಕಡಾ ಡೋಸರ್ (100 ಭಾಗಕ್ಕೆ 1 ಭಾಗ ದ್ರಾವಣ ಸೇರಿಸುವ ಯಂತ್ರ) ಇದ್ದರೆ ಅದೇ ನೀರಿಗೆ ಸ್ಟಾಕ್ ದ್ರಾವಣದ ಪ್ರತಿ ಲೀಟರಿನಲ್ಲಿ 100 ಮಿ.ಲೀ. ಆಸಿಡ್ ಇರಬೇಕು. ಆಸಿಡನ್ನು ನೀರಿಗೆ ಸುರಿಯಬೇಕು, ನೀರನ್ನು ಆಸಿಡಿಗೆ ಎಂದೂ ಅಲ್ಲ. ಕ್ಲೋರಿನ್ ಬಳಸುವ ಪೈಪಿನಲ್ಲಿ ಇದನ್ನು ಬೆರೆಸಿದರೆ ವಿಷಾನಿಲ ಏಳುತ್ತದೆ.

ಇಲ್ಲಿ ಎಡವುವುದು ಸಾಮಾನ್ಯವಾಗಿ ಪೈಪಿನಲ್ಲಿ. ವರ್ಷಗಟ್ಟಲೆ ಕಟ್ಟಿದ ಲೋಳೆ ಆಸಿಡ್ ತಾಗಿದ ಕೂಡಲೇ ಕಿತ್ತು ಬಂದು ಮರಿಗಳು ನೀರು ಹೀರುವ ನಿಪ್ಪಲ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನೇ ದಿನವೇ ಮರಿಗಳು ಸೊರಗಿ, ಆಸಿಡ್‌ನಿಂದಲೇ ಹೀಗಾಯಿತು ಎಂದು ನಿಲ್ಲಿಸುವವರು ಬಹಳ. ಮೊದಲು ಖಾಲಿ ಶೆಡ್ಡಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಲೈನ್ ತೊಳೆದು, ಕೊನೆಯ ನಿಪ್ಪಲ್‌ನಲ್ಲಿ ನಿಮಿಷಕ್ಕೆ ಅರ್ಧ ಲೀಟರಾದರೂ ಬರುತ್ತಿದೆಯೇ ಅಳೆದು, ಆಮೇಲೆ ಶುರು ಮಾಡಿ. ಪಿಎಚ್ ನೋಡಬೇಕಾದದ್ದೂ ಆ ಕೊನೆಯ ನಿಪ್ಪಲ್‌ನಲ್ಲೇ. ಬಾಯಿಂದ ಕೊಡುವ ಜೀವಂತ ಲಸಿಕೆ ಅಥವಾ ಸಲ್ಫಾ ಔಷಧ ನೀರಿನಲ್ಲಿ ಕೊಡುವಾಗ ಆಸಿಡ್ ನಿಲ್ಲಿಸಿ ಲೈನ್ ತೊಳೆಯಿರಿ. ಹುಳಿ ನೀರಿನಲ್ಲಿ ಲಸಿಕೆ ಸಾಯುತ್ತದೆ, ಸಲ್ಫಾ ತಳದಲ್ಲಿ ಕೂರುತ್ತದೆ.

ಜಿಂಕ್ ಆಕ್ಸೈಡ್ ಬಗ್ಗೆ ಹೇಳುವುದು ಕಷ್ಟ, ಏಕೆಂದರೆ ಅದು ನಿಜಕ್ಕೂ ಕೆಲಸ ಮಾಡುತ್ತದೆ. 2500ರಿಂದ 3000 ಪಿಪಿಎಂ (1 ಪಿಪಿಎಂ ಎಂದರೆ ಟನ್ನಿಗೆ 1 ಗ್ರಾಂ) ಜಿಂಕ್ 14 ದಿನ ಕೊಟ್ಟರೆ ಇಲ್ಲಿರುವ ಬೇರೆ ಯಾವುದೂ ತಡೆಯದಷ್ಟು ಭೇದಿಯನ್ನು ತಡೆಯುತ್ತದೆ. 72 ಶೇಕಡಾ ಜಿಂಕ್ ಇರುವ ಪುಡಿಯಾದರೆ 2500 ಪಿಪಿಎಂಗೆ ಟನ್ನಿಗೆ ಸುಮಾರು ಮೂರೂವರೆ ಕೆ.ಜಿ. ಆದರೆ ತಿಂದದ್ದರಲ್ಲಿ ಬಹುಪಾಲು ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಜಿಂಕ್ ತಾಳಿಕೊಳ್ಳುವ ಬ್ಯಾಕ್ಟೀರಿಯಾ ಆಂಟಿಬಯಾಟಿಕ್ ತಾಳುವ ಗುಣವನ್ನೂ ಜೊತೆಗೇ ಹೊತ್ತು ತರಬಹುದು. ಆಂಟಿಬಯಾಟಿಕ್ ಬಿಡುವ ಉದ್ದೇಶವೇ ಅಲ್ಲಿಗೆ ಕೆಟ್ಟಿತು. ಈ ಕಾರಣಗಳಿಗಾಗಿ ಯುರೋಪಿಯನ್ ಒಕ್ಕೂಟ 2022ರ ಜೂನ್‌ನಿಂದ ಔಷಧ ಪ್ರಮಾಣದ ಬಳಕೆ ನಿಲ್ಲಿಸಿತು, ಅಲ್ಲಿ ಮರಿ ಫೀಡಿನ ಒಟ್ಟು ಜಿಂಕ್ ಮಿತಿ 150 ಪಿಪಿಎಂ. ಕಾನೂನು ಬಿಡುವ ಕಡೆಗಳಲ್ಲಿ ಬಳಸುವವರು ಮೂರು ವಿಷಯ ತಿಳಿದಿರಲಿ. ಎರಡು ವಾರ ದಾಟಿಸಬೇಡಿ, ಮುಂದುವರಿಸಿದರೆ ತಾಮ್ರದ ಕೊರತೆ, ಮೇದೋಜೀರಕಕ್ಕೆ ಪೆಟ್ಟು. ಅಗ್ಗದ ಪುಡಿಯಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು, ಪರೀಕ್ಷಾ ಪತ್ರ ಕೇಳಿ. ಜೊತೆಗೆ ಹೆಚ್ಚು ಜಿಂಕ್ ಫೈಟೇಟನ್ನು ಹಿಡಿದುಕೊಂಡು ಫೈಟೇಸ್‌ನ ಕೆಲಸ ಕುಗ್ಗಿಸುತ್ತದೆ. ಫಾಸ್ಫರಸ್ ಲೆಕ್ಕದಲ್ಲಿ ಆ ಕಡಿತ ಮಾಡಿಕೊಳ್ಳಿ.

ತಾಮ್ರ, ಅಂದರೆ ಮೈಲುತುತ್ತ, ಜಿಂಕಿನಷ್ಟು ಭೇದಿ ತಡೆಯುವುದಿಲ್ಲ. ತೂಕಕ್ಕೆ ಸಹಾಯ ಮಾಡುತ್ತದೆ. ಟನ್ನಿಗೆ 500 ಗ್ರಾಂ ಮೈಲುತುತ್ತ ಹಾಕಿದರೆ 125 ಪಿಪಿಎಂ ತಾಮ್ರ. ಅದೇ ಆವರಣದಲ್ಲಿ ಕುರಿ ಇದ್ದರೆ ಈ ಫೀಡು ಒಂದು ಹಿಡಿಯೂ ಅವಕ್ಕೆ ಸಿಗಬಾರದು, ಕುರಿಯ ಲಿವರ್ ತಾಮ್ರವನ್ನು ಹೊರಹಾಕಲಾರದೆ ಸತ್ತೇ ಹೋಗುತ್ತವೆ.

ಬ್ಯುಟಿರೇಟ್ ಕರುಳಿನ ಒಳಪದರಕ್ಕೆ ಆಹಾರ. ಹೊದಿಕೆ ಇಲ್ಲದ ಸೋಡಿಯಂ ಬ್ಯುಟಿರೇಟ್ ಜಠರದಲ್ಲೇ ಹೀರಿಹೋಗುತ್ತದೆ, ವಾಸನೆಯೂ ಸಹಿಸಲಾಗದು. ಕೊಬ್ಬಿನ ಹೊದಿಕೆ ಇರುವುದನ್ನೋ ಟ್ರೈಬ್ಯುಟಿರಿನ್ ಅನ್ನೋ ಕೊಳ್ಳಿ. ಹೊದಿಕೆ ಇರುವ ಚೀಲದಲ್ಲಿ ನಿಜವಾದ ಬ್ಯುಟಿರೇಟ್ ಎಷ್ಟು ಶೇಕಡಾ ಎಂದು ಓದಿ, ಉಳಿದದ್ದು ಬರೀ ಕೊಬ್ಬು. ಮಧ್ಯಮ ಸರಪಳಿಯ ಕೊಬ್ಬಿನಾಮ್ಲಗಳಲ್ಲಿ ಲಾರಿಕ್ ಆಸಿಡ್ ಸ್ಟ್ರೆಪ್ಟೋಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಮೇಲೆ ಚುರುಕು, ಇ. ಕೋಲಿ ಮೇಲೆ ಅಷ್ಟಿಲ್ಲ. ಭೇದಿಗೆಂದು ಅದನ್ನು ಕೊಳ್ಳಬೇಡಿ.

ಪ್ರೊಬಯಾಟಿಕ್‌ನಲ್ಲಿ ಮೊದಲು ನೋಡಬೇಕಾದದ್ದು ತಳಿ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಬೀಜಕ ಕಟ್ಟುವುದರಿಂದ ಫೀಡನ್ನು ಗುಳಿಗೆ (ಪೆಲೆಟ್) ಮಾಡುವಾಗಿನ 80, 85 ಡಿಗ್ರಿ ಬಿಸಿಯನ್ನು ದಾಟಿ ಬರುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಅಲ್ಲೇ ಸಾಯುತ್ತದೆ. ಅದನ್ನು ನೀರಿನಲ್ಲೋ ಹಸಿ ಫೀಡಿನಲ್ಲೋ ಮಾತ್ರ ಕೊಡಬಹುದು. ಆಮೇಲೆ ಎಣಿಕೆ. ಒಂದು ಗ್ರಾಂನಲ್ಲಿ 200 ಕೋಟಿ ಸಿಎಫ್‌ಯು (ಜೀವಂತ ಬ್ಯಾಕ್ಟೀರಿಯಾದ ಎಣಿಕೆ) ಇದ್ದು ಟನ್ನಿಗೆ 500 ಗ್ರಾಂ ಹಾಕಿದರೆ ಒಂದು ಕೆ.ಜಿ. ಫೀಡಿಗೆ 100 ಕೋಟಿ ಬಂತು. ಸರಿಯಾದ ಪ್ರಮಾಣ ಈ ಆಸುಪಾಸಿನದು. ಗ್ರಾಂಗೆ 1 ಕೋಟಿ ಇರುವ ಅಗ್ಗದ ಪುಡಿಯಲ್ಲಿ ಅಷ್ಟಕ್ಕೆ ಟನ್ನಿಗೆ 100 ಕೆ.ಜಿ. ಬೇಕಾಗುತ್ತದೆ, ಅದು ಆಗದ ಮಾತು. ಎಣಿಕೆ ತಯಾರಾದ ದಿನದ್ದೋ ಅವಧಿ ಮುಗಿಯುವ ದಿನದ್ದೋ ಎಂದು ಬರೆದಿರಬೇಕು. ‘ಹತ್ತು ಬಗೆಯ ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ತಳಿಯ ಸಂಖ್ಯೆಯಿಲ್ಲದೆ ಬರೆದದ್ದನ್ನು ಬಿಟ್ಟುಬಿಡಿ. ಪ್ರೊಬಯಾಟಿಕ್ ಅನ್ನು ತಾಯಿ ಹಂದಿಗೆ ಹೆರಿಗೆಯ ಎರಡು ವಾರ ಮುಂಚಿನಿಂದ ಕೊಡುವುದು ಜಾಣತನ. ಮರಿಯ ಕರುಳಿಗೆ ಮೊದಲು ಸೇರುವುದು ತಾಯಿಯ ಸಗಣಿಯಲ್ಲಿರುವ ಬ್ಯಾಕ್ಟೀರಿಯಾವೇ. ಭೇದಿ ಶುರುವಾದ ಮೇಲೆ ಇದರಿಂದ ಏನೂ ನಿರೀಕ್ಷಿಸಬೇಡಿ.

ಈಸ್ಟ್ ಗೋಡೆಯ ಮ್ಯಾನನ್ ಸಕ್ಕರೆ, ಅಂದರೆ ಎಂಒಎಸ್, ಬಹಳ ತಪ್ಪಾಗಿ ಮಾರಾಟವಾಗುವ ವಸ್ತು. ಬ್ಯಾಕ್ಟೀರಿಯಾ ಕರುಳಿಗೆ ಅಂಟುವ ಬದಲು ಈ ಸಕ್ಕರೆಗೆ ಅಂಟಿ ಹೊರಹೋಗುತ್ತದೆ ಎಂಬ ವಿವರಣೆ ಸರಿಯೇ. ಆದರೆ ಅದು ಮ್ಯಾನೋಸ್‌ಗೆ ಅಂಟುವ ಬ್ಯಾಕ್ಟೀರಿಯಾಗಳಿಗೆ, ಉದಾಹರಣೆಗೆ ಸಾಲ್ಮೊನೆಲ್ಲಾಕ್ಕೆ, ಮಾತ್ರ ಅನ್ವಯ. ಹಾಲು ಬಿಟ್ಟ ಮರಿಗಳ ಭೇದಿಗೆ ಮುಖ್ಯ ಕಾರಣವಾದ ಇ. ಕೋಲಿಯ ಎಫ್4 ಮತ್ತು ಎಫ್18 ಕೊಂಡಿಗಳು ಕರುಳಿನ ಬೇರೆಯೇ ಗ್ರಾಹಿಗಳಿಗೆ ಹಿಡಿದುಕೊಳ್ಳುತ್ತವೆ, ಮ್ಯಾನೋಸ್ ಅವನ್ನು ಬಿಡಿಸಲಾರದು. ಇವುಗಳ ವಿರುದ್ಧ ಮೊಟ್ಟೆಯ ಹಳದಿಯಿಂದ ತೆಗೆದ ಪ್ರತಿಕಾಯದ ಪುಡಿ ಇದೆ. ಎಫ್4, ಎಫ್18 ಎರಡಕ್ಕೂ ತಯಾರಿಸಿದ್ದಾದರೆ ಮಾತ್ರ ಕೊಳ್ಳಿ, ಪೆಲೆಟ್‌ನ ಬಿಸಿಗೆ ಒಡ್ಡಬೇಡಿ.

ಕಾರಣ ತಿಳಿಯಲು ಒಂದು ಅಗ್ಗದ ಸುಳಿವು: ಮರಿ ಭೇದಿ ಮಾಡುವಾಗಲೇ, ಮೂತ್ರ ತಾಗುವ ಮುಂಚೆ, ಪಿಎಚ್ ಕಾಗದಕ್ಕೆ ಒಂದು ಹನಿ ಹಿಡಿಯಿರಿ. 8ರ ಆಸುಪಾಸು ಕ್ಷಾರ ತೋರಿಸಿದರೆ ಇ. ಕೋಲಿಯ ವಿಷದಿಂದ ಕರುಳು ಬೈಕಾರ್ಬನೇಟ್ ಸುರಿಸುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. 7ಕ್ಕಿಂತ ಕೆಳಗಿದ್ದರೆ ಜೀರ್ಣವಾಗದ ಸಕ್ಕರೆ, ರೋಟಾ ವೈರಸ್‌ನಂಥ ಕಾರಣ ಹುಡುಕಿ. ಇದು ರೋಗನಿರ್ಣಯ ಅಲ್ಲ. ಔಷಧ ಕೊಡದ ಮೂರು ನಾಲ್ಕು ಮರಿಗಳ ಸ್ವಾಬ್ ಪ್ರಯೋಗಾಲಯಕ್ಕೆ ಕಳಿಸಿ ಎಫ್4, ಎಫ್18 ಪರೀಕ್ಷೆ ಕೇಳಿ.

ಗಿಡಮೂಲಿಕೆ ಎಣ್ಣೆಗಳಲ್ಲಿ ಕಾರ್ವಾಕ್ರಾಲ್, ಥೈಮಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್‌ಗೆ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಖಂಡಿತ ಇದೆ. ಅಷ್ಟೇ ಸಾಂದ್ರತೆಯನ್ನು ಕರುಳಿನಲ್ಲಿ ತರಬೇಕೆಂದರೆ ಮರಿ ಆ ಫೀಡು ಮುಟ್ಟುವುದೇ ಇಲ್ಲ. ಹೊದಿಕೆ ಇಲ್ಲದ ಎಣ್ಣೆ ಪೆಲೆಟ್‌ನ ಬಿಸಿಗೆ ಹಾರಿಹೋಗುತ್ತದೆ, ಉಳಿದದ್ದು ಜಠರದಲ್ಲೇ ಹೀರಲ್ಪಡುತ್ತದೆ. ಆಸಿಡ್ ಜೊತೆ ಹೊದಿಕೆಯಲ್ಲಿ ಬರುವ ಮಿಶ್ರಣಗಳು ಪರವಾಗಿಲ್ಲ. ಯಾವ ಸಕ್ರಿಯ ವಸ್ತು ಎಷ್ಟು ಶೇಕಡಾ ಎಂದು ಬರೆಯದೆ ‘ಸಸ್ಯಸಾರ’ ಎಂದಷ್ಟೇ ಇದ್ದರೆ ದುಡ್ಡು ಉಳಿಸಿಕೊಳ್ಳಿ.

ಎಂಜೈಮ್ ಫೀಡಿಗೆ ತಕ್ಕಂತಿರಬೇಕು: ಗೋಧಿಗೆ ಕ್ಸೈಲನೇಸ್, ಬಾರ್ಲಿಗೆ ಬೀಟಾ ಗ್ಲೂಕನೇಸ್. ಮೆಕ್ಕೆಜೋಳ, ಸೋಯಾ ಫೀಡಿನಲ್ಲಿ ಇವುಗಳ ಲಾಭ ಸಣ್ಣದು. ಫೈಟೇಸ್ ಮಾತ್ರ ಎಲ್ಲದಕ್ಕೂ ಬೇಕು, ಕೆ.ಜಿ.ಗೆ 500 ಎಫ್‌ಟಿಯು (ಫೈಟೇಸ್ ಶಕ್ತಿಯ ಅಳತೆ) ಕನಿಷ್ಠ. ಬೆಂಟೊನೈಟ್ ಜೇಡಿಮಣ್ಣು ಬೂಷ್ಟಿನ ವಿಷಗಳಲ್ಲಿ ಅಫ್ಲಟಾಕ್ಸಿನನ್ನು ಹಿಡಿಯುತ್ತದೆ, ವೊಮಿಟಾಕ್ಸಿನನ್ನು ಹಿಡಿಯುವುದಿಲ್ಲ. ಟೈಲೋಸಿನ್, ಟಿಲ್ಮಿಕೋಸಿನ್ ಗುಂಪಿನ ಔಷಧ ಫೀಡಿನಲ್ಲಿ ಕೊಡುವ ದಿನಗಳಲ್ಲಿ ಅದನ್ನು ತೆಗೆಯಿರಿ, ಔಷಧವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ.

ಬೆಲೆಯನ್ನು ಚೀಲಕ್ಕೆ ನೋಡಬೇಡಿ, ಮರಿಗೆ ನೋಡಿ. ಹಾಲು ಬಿಟ್ಟ ಮೊದಲ ಎರಡು ವಾರದಲ್ಲಿ ಮರಿ ತಿನ್ನುವುದು ಸುಮಾರು 4ರಿಂದ 5 ಕೆ.ಜಿ. ಫೀಡು. ಟನ್ನಿಗೆ 5 ಕೆ.ಜಿ. ಬೆಂಜೋಯಿಕ್ ಎಂದರೆ ಒಂದು ಮರಿಗೆ ಹೆಚ್ಚೆಂದರೆ 25 ಗ್ರಾಂ. ಅಲ್ಲಿ ಧಾರಾಳವಾಗಿರಿ. 30 ಕೆ.ಜಿ.ಯಿಂದ ಮಾರಾಟದವರೆಗೆ ಅದೇ ಹಂದಿ 200 ಕೆ.ಜಿ.ಗೂ ಹೆಚ್ಚು ತಿನ್ನುತ್ತದೆ. ಆ ಹಂತದ ಫೀಡಿಗೆ ಫೈಟೇಸ್ ಬಿಟ್ಟು ಬೇರೆ ಏನನ್ನೇ ಹಾಕುವ ಮುಂಚೆಯೂ ಲಾಭದ ಲೆಕ್ಕ ಕೈಯಲ್ಲಿರಲಿ.

ಕಲೆಸುವಾಗ 500 ಗ್ರಾಂ ಪುಡಿಯನ್ನು ನೇರವಾಗಿ ಟನ್ನಿಗೆ ಸುರಿಯಬೇಡಿ. ಮೊದಲು 2 ಕೆ.ಜಿ. ಮೆಕ್ಕೆಜೋಳದ ಹಿಟ್ಟಿನಲ್ಲಿ, ಅದನ್ನು 20 ಕೆ.ಜಿ.ಯಲ್ಲಿ ಬೆರೆಸಿ. ಮಿಕ್ಸರ್ ಅರ್ಧ ತುಂಬಿದಾಗ ಇದನ್ನು ಹಾಕಿ, ಎಣ್ಣೆ ಕೊನೆಗೆ. ಅಡ್ಡ ರಿಬ್ಬನ್ ಮಿಕ್ಸರಿಗೆ 4, 5 ನಿಮಿಷ ಸಾಕು, ನಿಂತ ಸ್ಕ್ರೂ ಮಿಕ್ಸರಿಗೆ 12ರಿಂದ 15 ನಿಮಿಷ ಬೇಕು. ಪ್ರೊಬಯಾಟಿಕ್, ವಿಟಮಿನ್, ಎಂಜೈಮ್‌ಗಳನ್ನು ಆಸಿಡ್, ಮೈಲುತುತ್ತ, ಕೋಲಿನ್ ಕ್ಲೋರೈಡ್ ಜೊತೆ ಒಂದೇ ಡಬ್ಬದಲ್ಲಿ ಬೆರೆಸಿ ಇಡಬೇಡಿ. ಪ್ರತ್ಯೇಕ ಇಟ್ಟು ಕಲೆಸುವ ದಿನವೇ ಸೇರಿಸಿ.

ಏನನ್ನೇ ತಂದರೂ ನಿಮ್ಮ ಕೊಟ್ಟಿಗೆಯಲ್ಲಿ ಪರೀಕ್ಷಿಸಿ. ಒಂದೊಂದು ತಾಯಿಯ ಮರಿಗಳನ್ನೂ ಅರ್ಧರ್ಧ ಮಾಡಿ ಅಕ್ಕಪಕ್ಕದ ಎರಡು ಅಂಕಣಕ್ಕೆ ಬಿಡಿ, ಒಂದೇ ದಿನ, ಒಂದೇ ತೂಕ. ಒಂದಕ್ಕೆ ಹಳೆ ಫೀಡು, ಇನ್ನೊಂದಕ್ಕೆ ಹೊಸದು. ಮೊದಲ ದಿನ, 14ನೇ ದಿನ, 28ನೇ ದಿನ ತೂಗಿ. ತಿಂದ ಫೀಡು, ಸತ್ತ ಮರಿ, ಚುಚ್ಚುಮದ್ದು ಕೊಟ್ಟ ಮರಿ ಬರೆದಿಡಿ. ಸಗಣಿಗೆ ದಿನಾ 0ಯಿಂದ 3ರವರೆಗೆ ಅಂಕ: ಗಟ್ಟಿ 0, ನೀರು 3. ಕನಿಷ್ಠ ಮೂರು ಬ್ಯಾಚ್ ಆದರೂ ಆಗಲಿ, ಒಂದೇ ಬ್ಯಾಚಿನ ವ್ಯತ್ಯಾಸ ಹವೆಯಿಂದಲೂ ಬರಬಹುದು. ಒಂದು ಬಾರಿಗೆ ಒಂದೇ ಬದಲಾವಣೆ.

ಇವುಗಳಲ್ಲಿ ಒಂದೂ ಔಷಧ ಅಲ್ಲ. ಕುತ್ತಿಗೆ ಹಿಂದಕ್ಕೆ ಸೆಟೆದು ಕಾಲು ಬಡಿಯುವ ಮರಿಗೆ ಸ್ಟ್ರೆಪ್ಟೋಕಾಕಸ್ ಮೆದುಳಿಗೆ ಏರಿರಬಹುದು, ರಕ್ತ ಮಿಶ್ರಿತ ಭೇದಿಯ ದೊಡ್ಡ ಹಂದಿಗೆ ಬ್ರಾಕಿಸ್ಪೈರಾ ಎಂಬ ರಕ್ತಭೇದಿಯ ಬ್ಯಾಕ್ಟೀರಿಯಾ ಇರಬಹುದು. ಅಂಥವನ್ನು ಅದೇ ಗಂಟೆಯಲ್ಲಿ ಪಶುವೈದ್ಯರಿಗೆ ತೋರಿಸಿ, ಅವರು ಬರೆದ ಆಂಟಿಬಯಾಟಿಕನ್ನು ಪೂರ್ತಿ ಪ್ರಮಾಣದಲ್ಲಿ, ಹೇಳಿದಷ್ಟು ದಿನ, ಕಾಯಿಲೆ ಬಿದ್ದ ಹಂದಿಗಳಿಗೆ ಕೊಡಿ. ಮಾಂಸಕ್ಕೆ ಕಳಿಸುವ ಮುನ್ನ ಕಾಯಬೇಕಾದ ದಿನಗಳನ್ನು ಆ ಹಂದಿಯ ಕಿವಿ ಗುರುತಿನ ಸಂಖ್ಯೆಯ ಮುಂದೆಯೇ ಬರೆದಿಡಿ.